ಎಂಜಿನ್ ಕೆಲಸಕ್ಕೆ ಬಿಲ್ಲಿನ ಜೊತೆ ಅಳತೆ ಚೀಟಿಯೂ ಬೇಕು

ಮಾನ್ಯ ಸಂಪಾದಕರೇ,

ಬೈಕು, ಕಾರುಗಳ ಎಂಜಿನ್ ಇಳಿಸಿ ಪವರ್ ಹೆಚ್ಚಿಸಿಕೊಳ್ಳುವ ಹುಡುಗರು ಕಲಬುರಗಿಯಲ್ಲಿ ಈಗ ಬಹಳ. ಪಿಸ್ಟನ್ ಕಿಟ್ ಯಾವ ಕಂಪನಿಯದು, ವಾಲ್ವ್ ತೆರೆಸುವ ಕ್ಯಾಮ್ ಯಾವುದು ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಬೋರ್ (ಸಿಲಿಂಡರಿನ ಒಳವ್ಯಾಸ) ಎಷ್ಟಿದೆ, ಅದರೊಳಗೆ ಆಡುವ ಪಿಸ್ಟನ್ ಎಷ್ಟಿದೆ, ನಡುವೆ ಎಷ್ಟು ಸಂದು ಬಿಟ್ಟಿದೆ ಎಂದು ಕೇಳಿದರೆ ಗಿರಾಕಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಕೂಡಿಸಿದ ಮಿಸ್ತ್ರಿಗೂ ಗೊತ್ತಿರುವುದಿಲ್ಲ. ಬಿಲ್ಲಿನಲ್ಲಿ ಬೋರಿಂಗ್ (ಸಿಲಿಂಡರ್ ಕೊರೆಯುವುದು), ಹೋನಿಂಗ್ (ಕಲ್ಲಿನಿಂದ ಉಜ್ಜಿ ಹದಗೊಳಿಸುವುದು), ಫಿಟಿಂಗ್ ಎಂಬ ಮೂರು ಪದ, ಎದುರಿಗೆ ಒಂದು ಮೊತ್ತ, ಅಷ್ಟೆ. ಯುಗಾದಿ ದಾಟಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ಅದೇ ಎಂಜಿನ್ ಸೇಡಂ ರಸ್ತೆಯಲ್ಲೋ ಶಹಾಬಾದ್ ರಸ್ತೆಯಲ್ಲೋ ಸೀಝ್ ಆಗಿ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು, ನಿಲ್ಲುತ್ತದೆ. ಬೈಗುಳ ಪಿಸ್ಟನ್ ಕಂಪನಿಗೆ ಹೋಗುತ್ತದೆ. ತಪ್ಪು ಬಹುಮಟ್ಟಿಗೆ ಅಳತೆಯದಾಗಿರುತ್ತದೆ. ಅದಕ್ಕೇ ಬಿಲ್ಲಿನ ಜೊತೆ ಅಳತೆಗಳನ್ನು ಬರೆದ ಚೀಟಿಯೂ ಬೇಕು ಎನ್ನುತ್ತೇವೆ.

ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿಗೆ, ಹೀಗೆ ಒಟ್ಟು ಆರು ಕಡೆ ಬೋರ್ ಗೇಜ್ ಹಿಡಿದು ಅಳೆಯಬೇಕು. ವರ್ನಿಯರ್ ಈ ಕೆಲಸಕ್ಕೆ ಸಾಲದು. ಸವೆತ ಹೆಚ್ಚಿರುವುದು ಪಿಸ್ಟನ್ನಿನ ಮೇಲಿನ ರಿಂಗ್ ನಿಂತು ಹಿಂತಿರುಗುವ ಜಾಗದಲ್ಲಿ. ಮೇಲಿಗೂ ಕೆಳಗಿಗೂ, ಅಥವಾ ಒಂದು ದಿಕ್ಕಿಗೂ ಇನ್ನೊಂದಕ್ಕೂ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬರೀ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಬೋರ್ ಕೊರೆಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ನಿನ ಓವರ್‌ಸೈಜಿಗೆ ಹೋಗಲೇಬೇಕು. ಪಿಸ್ಟನ್ ಕೈಗೆ ಬಂದು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದ ಮೇಲೆಯೇ ಬೋರ್ ಕೊರೆಯಬೇಕು. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ಆದ್ದರಿಂದ ಪಿನ್ನಿಗೆ ಅಡ್ಡಲಾಗಿ, ಸ್ಕರ್ಟ್ ಎಂಬ ಕೆಳಬದಿಯ ಮೇಲೆ, ತಯಾರಕರು ಹೇಳಿದ ಎತ್ತರದಲ್ಲೇ ಅಳೆಯಬೇಕು. 70 ಮಿ.ಮೀ. ಬೋರಿನ ಏರ್‌ಕೂಲ್ಡ್ ಎಂಜಿನ್ನಿನಲ್ಲಿ ಎರಕದ ಪಿಸ್ಟನ್‌ಗೆ 0.04ರಿಂದ 0.06, 2618 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜ್ಡ್ (ಒತ್ತಿ ರೂಪಿಸಿದ) ಪಿಸ್ಟನ್‌ಗೆ 0.08ರಿಂದ 0.10 ಮಿ.ಮೀ. ಆಸುಪಾಸು ಸಂದು ಬೇಕಾಗುತ್ತದೆ. 2618ರಲ್ಲಿ ಸಿಲಿಕಾನ್ ಕಡಿಮೆ ಇರುವುದರಿಂದ ಅದು ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಕೊನೆಯ ಮಾತು ಮಾತ್ರ ಪಿಸ್ಟನ್ ಡಬ್ಬಿಯೊಳಗೆ ಬರುವ ಕಾಗದದ್ದು. ದಯವಿಟ್ಟು ಅದನ್ನು ಎಸೆಯಬೇಡಿ.

ನಮ್ಮ ಕಡೆಯ ತಗಡಿನ ಶೆಡ್ಡುಗಳಲ್ಲಿ ನಡೆಯುವ ದೊಡ್ಡ ಎಡವಟ್ಟು ಇದಕ್ಕಿಂತ ಸೂಕ್ಷ್ಮವಾದದ್ದು. ಹೋನಿಂಗ್ ಮುಗಿದ ತಕ್ಷಣ, ಬ್ಯಾರೆಲ್ (ಸಿಲಿಂಡರ್ ಇರುವ ಭಾಗ) ಇನ್ನೂ ಬಿಸಿ ಇರುವಾಗಲೇ ಅಳೆದುಬಿಡುತ್ತಾರೆ. ಬೀಡು ಕಬ್ಬಿಣ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 70 ಮಿ.ಮೀ. ಬೋರು 30 ಡಿಗ್ರಿ ತಣ್ಣಗಾದರೆ 0.023 ಮಿ.ಮೀ. ಕಿರಿದಾಗುತ್ತದೆ. ಅಂದರೆ 0.05 ಬಿಟ್ಟಿದ್ದೇವೆ ಎಂದುಕೊಂಡ ಸಂದಿನಲ್ಲಿ ಹೆಚ್ಚುಕಡಿಮೆ ಅರ್ಧ ಮಾಯ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗುವುದು ಕಬ್ಬಿಣದ ಎರಡರಷ್ಟು. ಹಾಗಾಗಿ ಬ್ಯಾರೆಲ್, ಪಿಸ್ಟನ್, ಮೈಕ್ರೋಮೀಟರ್ ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು, ಬೆಳಗಿನ ತಂಪಿನಲ್ಲಿ ಕೊನೆಯ ಅಳತೆ ತೆಗೆಯಬೇಕು. ಇದಕ್ಕೆ ಪೈಸೆ ಖರ್ಚಿಲ್ಲ, ಒಂದು ರಾತ್ರಿಯ ತಾಳ್ಮೆ ಸಾಕು. ಕಾರಿನ ಬ್ಲಾಕ್ ಆದರೆ, ಹೆಡ್ ಬೋಲ್ಟ್ ಬಿಗಿದಾಗ ಬೋರ್ ತಿರುಚಿಕೊಳ್ಳುವ ಕಾರಣ, ಹೆಡ್ಡಿನ ಬದಲು ದಪ್ಪ ಟಾರ್ಕ್ ಪ್ಲೇಟ್ ಬಿಗಿದುಕೊಂಡು ಹೋನ್ ಮಾಡುವುದು ಸರಿ.

ರಿಂಗ್ ಗ್ಯಾಪ್‌ಗೆ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಸಾಮಾನ್ಯ ಲೆಕ್ಕ ಬೋರಿನ ಸಾವಿರಕ್ಕೆ ನಾಲ್ಕು ಪಾಲು, 70 ಮಿ.ಮೀ.ಗೆ 0.28. ಪವರ್ ಹೆಚ್ಚಿಸಿದ ಎಂಜಿನ್‌ಗೆ 0.32ರಿಂದ 0.35 ಬಿಡುವುದು ಕ್ಷೇಮ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯನ್ನೇ ಬಳಸಿ ಬೋರಿನ ಮೇಲಂಚಿನಿಂದ ಒಂದು ಇಂಚು ಕೆಳಗೆ ನೇರವಾಗಿ ತಳ್ಳಿ, ಫೀಲರ್ ಗೇಜ್ ಹಾಕಿ ನೋಡಬೇಕು. ಗ್ಯಾಪ್ ಕಡಿಮೆಯಾದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ರಿಂಗ್ ಮುರಿಯುತ್ತದೆ, ಇಲ್ಲವೇ ಪಿಸ್ಟನ್ನಿನ ಅಂಚನ್ನೇ ಕಿತ್ತುಹಾಕುತ್ತದೆ. ತುಸು ಹೆಚ್ಚಾದರೆ ಸ್ವಲ್ಪ ಕಂಪ್ರೆಷನ್ ಹೋಗಬಹುದು, ಎಂಜಿನ್ ಉಳಿಯುತ್ತದೆ.

ಹೋನಿಂಗ್ ಆದ ಮೇಲೆ ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಕೂಡಿಸುವ ಪದ್ಧತಿ ಮೊದಲು ನಿಲ್ಲಬೇಕು. ಕಲ್ಲಿನ ಪುಡಿ ಗೀರುಗಳೊಳಗೇ ಉಳಿದು, ಹೊಸ ರಿಂಗನ್ನು ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್ ಬಳಸಿ ಉಜ್ಜಬೇಕು. ಎಣ್ಣೆ ಸವರಿದ ಬಿಳಿ ಬಟ್ಟೆ ಒರೆಸಿದಾಗ ಬಿಳಿಯಾಗಿಯೇ ಬರುವವರೆಗೂ ತೊಳೆಯಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ್ದರೆ ಅದರ ಆಯಿಲ್ ಹಾದಿಯ ಪ್ಲಗ್ ತೆಗೆದು ಒಳಗೂ ತೊಳೆಯಬೇಕು, ಮತ್ತು ಬೇರಿಂಗ್ ಕೂರುವ ಜರ್ನಲಿನ ಮೂಲೆಯ ದುಂಡನೆಯ ಅಂಚು ಮೊದಲಿನಂತೆಯೇ ಇದೆಯೇ ಎಂದು ನೋಡಬೇಕು. ಅದು ಚೂಪಾದರೆ ಕ್ರ್ಯಾಂಕ್ ಒಡೆಯುವುದು ಅಲ್ಲಿಂದಲೇ. ಬೇರಿಂಗ್ ಸಂದು ಜರ್ನಲ್ ವ್ಯಾಸದ ಸಾವಿರಕ್ಕೆ ಒಂದು ಪಾಲು, 42 ಮಿ.ಮೀ.ಗೆ ಸುಮಾರು 0.042.

ಇನ್ನು ಕಂಪ್ರೆಷನ್ ಆಸೆಯ ಮಾತು. ಯುಸಿಇ ಎಂಬ ಹಿಂದಿನ ಎಂಜಿನ್ನಿನ ರಾಯಲ್ ಎನ್‌ಫೀಲ್ಡ್ 350 ಬುಲೆಟ್‌ನ ಬೋರ್ 70, ಸ್ಟ್ರೋಕ್ 90, 346 ಸಿಸಿ, ಕಂಪ್ರೆಷನ್ ಅನುಪಾತ 8.5:1. ಅಂದರೆ ಮೇಲಿನ ಕೋಣೆಯಲ್ಲಿ ಉಳಿಯುವ ಜಾಗ ಸುಮಾರು 46 ಸಿಸಿ. ಬ್ಯಾರೆಲ್ ತಲೆ 1 ಮಿ.ಮೀ. ಸವರಿದರೆ ಆ ಜಾಗ 42ಕ್ಕೆ ಇಳಿದು ಅನುಪಾತ 9.2 ಆಗುತ್ತದೆ. ಜೊತೆಗೇ ವಾಲ್ವ್ ಎತ್ತುವ ಪುಶ್‌ರಾಡ್ 1 ಮಿ.ಮೀ. ಉದ್ದವಾದಂತಾಗಿ ಅದರ ಕೆಳಗಿನ, ಆಯಿಲ್ ಒತ್ತಡದ ಹೈಡ್ರಾಲಿಕ್ ಟ್ಯಾಪೆಟ್ ಅಷ್ಟು ಹೆಚ್ಚು ಒತ್ತಿಕೊಳ್ಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಸವರಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗಬಹುದು. ದೊಡ್ಡ ಕ್ಯಾಮ್ ಹಾಕುವವರು ಪಿಸ್ಟನ್ ತಲೆಗೆ ಆಟದ ಜೇಡಿ ಮೆತ್ತಿ, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಜೇಡಿಯ ತೆಳುವಾದ ಜಾಗ ಅಳೆಯಲಿ: ಇನ್‌ಲೆಟ್‌ಗೆ 2.0, ಎಕ್ಸಾಸ್ಟ್‌ಗೆ 2.5 ಮಿ.ಮೀ.ಗಿಂತ ಕಡಿಮೆ ಇರಬಾರದು. ಎತ್ತರದ ಗೇರಿನಲ್ಲಿ ಥ್ರಾಟಲ್ ಕೊಟ್ಟಾಗ ತಗಡಿನ ಡಬ್ಬಿಯಲ್ಲಿ ತೊಗರಿ ಅಲ್ಲಾಡಿಸಿದಂತಹ ಸದ್ದು ಬಂದರೆ ಅದು ನಾಕಿಂಗ್, ಅಂದರೆ ಪೆಟ್ರೋಲು ತಪ್ಪಾಗಿ ಸಿಡಿಯುವುದು. ಅದನ್ನು ಕೇಳಿಯೂ ಓಡಿಸಿದರೆ ಪಿಸ್ಟನ್‌ಗೆ ತೂತು ಬೀಳುತ್ತದೆ.

ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇದಕ್ಕೆ 13.5ರಷ್ಟೇ ಸಾಕು. ಹಳೆಯ ಕಾರ್ಬುರೇಟರಿನಲ್ಲಿ ಪೆಟ್ರೋಲು ಹರಿಯುವ ಜೆಟ್ ಹಾಗೇ ಬಿಟ್ಟರೆ ಮಿಶ್ರಣ ಸುಮಾರು 8% ತೆಳ್ಳಗಾಗುತ್ತದೆ (ಗಾಳಿ ಹೆಚ್ಚು, ಇಂಧನ ಕಡಿಮೆ). ಜೆಟ್ಟಿನ ತೂತಿನ ವ್ಯಾಸ 4% ಹೆಚ್ಚಿಸಿದರೆ ಸರಿಹೋಗುತ್ತದೆ. 43 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ 7% ಹಗುರ. ಹಾಗಾಗಿ ಮೇ ತಿಂಗಳ ಮಧ್ಯಾಹ್ನ ಈ ಕೊರತೆ ಅರ್ಧ ಮುಚ್ಚಿಹೋಗಿ ಎಲ್ಲ ಸರಿಯಿದೆ ಎನಿಸುತ್ತದೆ. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಅದೇ ಬೈಕು ತಡವರಿಸುತ್ತದೆ. ಜೆಟ್ ಪರೀಕ್ಷೆಯನ್ನು ತಂಪು ಹೊತ್ತಿನಲ್ಲೇ ಮಾಡಬೇಕು.

ಧೂಳಿನ ಬಗ್ಗೆ ಅಳತೆ ಚೀಟಿಯಲ್ಲಿ ಒಂದು ಸಾಲಾದರೂ ಇರಲಿ. ತೊಗರಿ ರಾಶಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ತೇಲುವ ಧೂಳಿಗೆ ಡಬ್ಬಿಯಿಲ್ಲದೆ ನೇರ ಸಿಕ್ಕಿಸುವ ಪಾಡ್ ಫಿಲ್ಟರ್ ತಡೆಯಲ್ಲ. ಕಂಪನಿಯ ಫಿಲ್ಟರ್ ಡಬ್ಬಿ, ಕಾಗದದ ಫಿಲ್ಟರ್ ಉಳಿಸಿಕೊಳ್ಳಿ. ಫಿಲ್ಟರಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಎಂಜಿನ್ ಮತ್ತೆ ಬಿಚ್ಚಿದಾಗ ಮೇಲಿನ ರಿಂಗ್ ಮತ್ತು ಬೋರಿನ ಮೇಲ್ಭಾಗ ಸವೆದಿದ್ದರೆ ಧೂಳು ಗಾಳಿಯ ಹಾದಿಯಲ್ಲಿ ಬಂದಿದೆ. ಬೇರಿಂಗ್, ಸ್ಕರ್ಟ್ ಗೀರಿದ್ದರೆ ಆಯಿಲ್ ಜೊತೆ ಬಂದಿದೆ, ಅಂದರೆ ಕೂಡಿಸಿದವರು ತೊಳೆದಿಲ್ಲ. ಜಗಳ ಬಂದಾಗ ಯಾರ ತಪ್ಪೆಂದು ಇದೇ ಹೇಳುತ್ತದೆ.

ರನ್ನಿಂಗ್-ಇನ್ (ಹೊಸದಾಗಿ ಕೂಡಿಸಿದ ಎಂಜಿನ್ ಪಳಗಿಸುವುದು) ಹೆಸರಲ್ಲಿ ಹೊಸ ಎಂಜಿನ್ನನ್ನು ಗ್ಯಾರೇಜ್ ಮುಂದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ಭಾರ ಬೀಳದೆ ರಿಂಗ್ ಕೂರುವುದಿಲ್ಲ. ಮಿನರಲ್ ಆಯಿಲ್ ಹಾಕಿ, ಬೆಳಗಿನ ಹೊತ್ತು ಅರ್ಧ ಥ್ರಾಟಲ್‌ನಲ್ಲಿ ವೇಗ ಏರಿಸುವುದು, ಥ್ರಾಟಲ್ ಬಿಟ್ಟು ಇಳಿಸುವುದು, ಹೀಗೆ 50 ಕಿ.ಮೀ. ಓಡಿಸಿ ಆಯಿಲ್ ಬದಲಿಸಿ, 500ಕ್ಕೆ ಮತ್ತೊಮ್ಮೆ.

ಕಾನೂನಿನ ವಿಷಯವನ್ನೂ ಮಿಸ್ತ್ರಿಗಳು ಗಿರಾಕಿಗೆ ಮೊದಲೇ ಹೇಳಬೇಕು. ಕಂಪನಿ ಅಳತೆಗೆ ಎಂಜಿನ್ ರಿಪೇರಿ ಮಾಡಿಸುವುದು ತಪ್ಪಲ್ಲ. ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ 182ಎ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರೇಸ್ ಎಂಜಿನ್ ಕಟ್ಟುವವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಟ್ರ್ಯಾಕ್‌ಗಳಿವೆ; ರಿಂಗ್ ರಸ್ತೆ ಅದಕ್ಕಲ್ಲ.

ಬೋರ್ ಗೇಜ್, ಮೈಕ್ರೋಮೀಟರ್ ಸೆಟ್ ಕೊಳ್ಳುವುದು ಸಣ್ಣ ಗ್ಯಾರೇಜಿಗೆ ಭಾರ ಎಂಬುದು ನಿಜ. ಕಲಬುರಗಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಈ ಉಪಕರಣಗಳೂ ಇವೆ, ಬಳಸಬಲ್ಲವರೂ ಇದ್ದಾರೆ. ವಾರಕ್ಕೆ ಎರಡು ದಿನ ಬೆಳಗಿನ ಹೊತ್ತು, ಸಣ್ಣ ಶುಲ್ಕ ಪಡೆದು, ಯಾರೇ ಬ್ಯಾರೆಲ್, ಪಿಸ್ಟನ್, ಕ್ರ್ಯಾಂಕ್ ತಂದರೂ ಅಳೆದು ಮೊಹರು ಹಾಕಿದ ಚೀಟಿ ಕೊಡುವ ವ್ಯವಸ್ಥೆಯನ್ನು ಅಲ್ಲಿ ಆರಂಭಿಸಬೇಕು. ಬೀದರ್, ಯಾದಗಿರಿಯ ಐಟಿಐಗಳಿಗೆ ಒಂದೊಂದು ಸೆಟ್ ಕೊಡಿಸಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮುಂದಾಗಬೇಕು. ಅಲ್ಲಿಯವರೆಗೆ ಗಿರಾಕಿಗಳು ಹಣ ಎಣಿಸುವ ಮೊದಲು ಐದು ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಲಿ: ಬೋರ್, ಪಿಸ್ಟನ್, ರಿಂಗ್ ಗ್ಯಾಪ್, ಬೇರಿಂಗ್ ಸಂದು, ಬಿಸಿ ಎಂಜಿನ್ನಿನಲ್ಲಿ ಥ್ರಾಟಲ್ ಪೂರ್ತಿ ತೆರೆದು ತೆಗೆದ ಕಂಪ್ರೆಷನ್.

— ಎಂಜಿನ್ ಮಿಸ್ತ್ರಿಗಳು, ಕಪನೂರ, ಕಲಬುರಗಿ