ಅಪ್ಪಯ್ಯನ ಪ್ರಶ್ನೆಗೆ ಪಿಟ್ಸ್‌ಬರ್ಗ್‌ನಿಂದ ಉತ್ತರ

ಪಿಟ್ಸ್‌ಬರ್ಗ್, ಅಮೆರಿಕ
ನವೆಂಬರ್ 23

ತೀರ್ಥರೂಪ ಅಪ್ಪಯ್ಯನಿಗೆ ಮತ್ತು ಆಯಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಶಿರಸಿಯ ಕಡೆ ಅಡಿಕೆಯ ಕೊನೆಕೊಯ್ಲು ಶುರುವಾಗಿ ನಿಮಗೆ ಬಿಡುವಿಲ್ಲದ ಹೊತ್ತಿನಲ್ಲಿ ಇಷ್ಟುದ್ದದ ಪತ್ರ ಬರೆಯುವುದಕ್ಕೆ ಕಾರಣ, ಕಳೆದ ವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆ. ಅಣ್ಣನ ಮಗಳು ಫಿಸಿಯೋಥೆರಪಿ ಓದುತ್ತೇನೆ ಎನ್ನುತ್ತಿದ್ದಾಳೆ, ಆದರೆ ರೋಗಿಯನ್ನು ನಡೆಸುವುದಕ್ಕೂ ಯಂತ್ರಗಳೇ ಬಂದಿರುವಾಗ ಅವಳು ಓದಿ ಮುಗಿಸುವಷ್ಟರಲ್ಲಿ ಆ ವಿದ್ಯೆಗೆ ಬೆಲೆ ಉಳಿದೀತೇ ಎಂದಿರಿ. ಉಳಿಯುತ್ತದೆ ಎಂದಷ್ಟೇ ಹೇಳಿ ಫೋನಿಟ್ಟೆ. ಹನ್ನೊಂದು ವರ್ಷದಿಂದ ಅದನ್ನೇ ಕಲಿಸುತ್ತಿರುವವಳು ನಿಮಗೆ ಇನ್ನೂ ಸರಿಯಾದ ಉತ್ತರ ಕೊಡಬೇಕಿತ್ತು.

ಯಂತ್ರಗಳು ಬಂದಿರುವುದು ನಿಜ. ರೋಗಿಯನ್ನು ಪಟ್ಟಿಗಳಿಂದ ತೂಗುಹಾಕಿ, ಟ್ರೆಡ್‌ಮಿಲ್ಲಿನ ಮೇಲೆ ಅವನ ಕಾಲುಗಳನ್ನು ತಾನೇ ಎತ್ತಿಡುವ ರೋಬೋಟ್ ನಮ್ಮಲ್ಲಿದೆ. ಹಿಂದೆ ಇಬ್ಬರು ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಕಾಲನ್ನು ಹಿಡಿದು ನಡೆಸುವಾಗ ಸ್ವಲ್ಪ ಹೊತ್ತಿಗೇ ಸೋತುಹೋಗುತ್ತಿದ್ದರು. ಪಾರ್ಶ್ವವಾಯುವಿನ ನಂತರ ಮಿದುಳು ಮರಳಿ ಕಲಿಯಬೇಕಾದರೆ ಒಂದೇ ಚಲನೆ ನೂರಾರು ಸಲ ಆಗಬೇಕಾದ್ದರಿಂದ, ದಣಿಯದ ಯಂತ್ರದ ಉಪಕಾರ ದೊಡ್ಡದೇ. ಅದನ್ನು ನಾನು ಕಡೆಗಣಿಸುವುದಿಲ್ಲ.

ಆದರೆ ಕಳೆದ ತಿಂಗಳು ನಡೆದದ್ದನ್ನು ಕೇಳಿ. ಬಲಗೈ ಸೋತ ಹಿರಿಯರೊಬ್ಬರು ಪರದೆಯ ಮೇಲಿನ ಹಣ್ಣುಗಳನ್ನು ಕೈಚಾಚಿ ಬುಟ್ಟಿಗೆ ಹಾಕುವ ಆಟ ಆಡುತ್ತಿದ್ದರು. ದಿನದಿಂದ ದಿನಕ್ಕೆ ಅಂಕ ಏರುತ್ತಿತ್ತು, ನನ್ನ ವಿದ್ಯಾರ್ಥಿ ಆ ಅಂಕಗಳನ್ನು ಹಿಗ್ಗಿನಿಂದ ಬರೆದುಕೊಳ್ಳುತ್ತಿದ್ದ. ಪರದೆ ನೋಡುವುದನ್ನು ಬಿಟ್ಟು ಅವರ ಹೆಗಲಮೂಳೆಯ ಮೇಲೆ ನಿನ್ನ ಅಂಗೈ ಇಡು ಎಂದೆ. ಇಟ್ಟ ಕೂಡಲೇ ಅವನ ಮುಖ ಬದಲಾಯಿತು. ಮೊಣಕೈ ನೆಟ್ಟಗಾಗುತ್ತಲೇ ಇರಲಿಲ್ಲ. ಹೆಗಲು ಕಿವಿಯವರೆಗೆ ಏರಿ, ಸೊಂಟದಿಂದ ಮೇಲಿನ ದೇಹವೆಲ್ಲ ಮುಂದಕ್ಕೆ ಬಾಗಿ ಕೈಯನ್ನು ಹಣ್ಣಿಗೆ ಮುಟ್ಟಿಸುತ್ತಿತ್ತು. ಕೈ ಎಲ್ಲಿಗೆ ತಲುಪಿತು ಎಂಬುದನ್ನು ಆ ಯಂತ್ರ ಅಳೆಯುತ್ತಿತ್ತೇ ಹೊರತು ಹೇಗೆ ತಲುಪಿತು ಎಂಬುದನ್ನಲ್ಲ. ಎದೆಗೆ ಪಟ್ಟಿ ಕಟ್ಟಿ ಬೆನ್ನನ್ನು ಕುರ್ಚಿಗೆ ಒರಗಿಸಿ ಮತ್ತೆ ಆಡಿಸಿದಾಗ ಅಂಕ ಅರ್ಧಕ್ಕಿಂತ ಕೆಳಗಿಳಿಯಿತು. ಆ ಕಡಿಮೆ ಅಂಕವೇ ನಿಜವಾದ ಅಂಕ ಎಂಬುದನ್ನು ಹಿರಿಯರಿಗೆ ಎದೆಗುಂದದಂತೆ ತಿಳಿಸಿ ಹೇಳಲು ಆ ಹುಡುಗನಿಗೆ ಕಾಲು ತಾಸು ಬೇಕಾಯಿತು, ಮತ್ತು ನನ್ನ ಮಟ್ಟಿಗೆ ಆ ದಿನದ ಪಾಠವೇ ಅದು.

ಇದು ನಿಮಗೆ ಹೊಸದಲ್ಲ, ಅಪ್ಪಯ್ಯ. ನೆಲದಲ್ಲಿ ನಿಂತೇ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿತು, ಆದರೆ ಮೊದಲ ವರ್ಷ ದೋಟಿ ಹಿಡಿದವರಲ್ಲಿ ಬಲಿತ ಅಡಿಕೆ ಗೊನೆಯನ್ನು ನೆಲದಿಂದಲೇ ಗುರುತಿಸಿದವನು ಮರ ಹತ್ತಿ ಕೊಯ್ಯುತ್ತಿದ್ದ ಹಳೆಯ ಕೊನೆಗೌಡನೊಬ್ಬನೇ ಎಂದು ನೀವೇ ಹೇಳಿದ್ದಿರಿ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮೂರಲ್ಲಿ ಮರದಿಂದ ಬಿದ್ದು ಬೆನ್ನುಹುರಿ ಕಡಿದುಕೊಂಡವನ ನೆನಪೂ ನಿಮಗಿದೆ. ಅಂಥವರನ್ನು ಎಬ್ಬಿಸಿ ನಡೆಸುವ ರೀವಾಕ್ ಎಂಬ ಯಾಂತ್ರಿಕ ಕಾಲುಗಳಿಗೆ ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದನ್ನು ಹಾಕಿಕೊಂಡವನಿಗೆ ಊರುಗೋಲೂ ಬೇಕು, ತರಬೇತಾದ ಜೊತೆಗಾರನೂ ಬೇಕು. ನಮ್ಮ ಬೇಲಿಯ ದಣಪೆಯನ್ನೋ ತೋಟದ ಹಳ್ಳದ ಮೇಲಿನ ಸಂಕವನ್ನೋ ಅದು ದಾಟಲಾರದು. ಮರದಿಂದ ಬಿದ್ದ ಆ ಮನುಷ್ಯನ ಜೀವ ತೆಗೆದದ್ದು, ಮಲಗಿದಲ್ಲೇ ಮಲಗಿ ಆದ ಬೆನ್ನಿನ ಹುಣ್ಣು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆ ಮನೆಯವರಿಗೆ ಕೈಹಿಡಿದು ಕಲಿಸಿದವರು ಯಾರೂ ಇರಲಿಲ್ಲ. ಅದಕ್ಕಾಗಿಯೇ ನಾನು ವಿದ್ಯಾರ್ಥಿಗಳಿಗೆ ಯಾವ ಉಪಕರಣ ಕಲಿಸಿದರೂ, ಇದು ರೋಗಿಯ ಮನೆಯ ಹೊಸ್ತಿಲು ದಾಟುತ್ತದೆಯೇ, ದಾಟದಿದ್ದರೆ ಅಲ್ಲಿ ಯಾರಿಗೆ ಏನು ಕಲಿಸುತ್ತೀರಿ ಎಂದು ಬರೆಸುತ್ತೇನೆ.

ಆಯಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ವಿಡಿಯೋವನ್ನು ಆಕ್ಯುಪೇಷನಲ್ ಥೆರಪಿ, ಅಂದರೆ ರೋಗಿಗೆ ನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ವಿದ್ಯೆಯ ತರಗತಿಯಲ್ಲಿ ತೋರಿಸಿದೆ. ಒಂದು ಕೆಲಸವನ್ನು ಬಿಡಿಸಿ ನೋಡಿ, ಅದರಲ್ಲಿ ಯಾವ ಬೆರಳು ಏನು ಮಾಡುತ್ತದೆ, ಕಣ್ಣೆಲ್ಲಿರುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂದು ಕಂಡುಕೊಳ್ಳುವುದೇ ಈ ವಿದ್ಯೆಯ ತಳಹದಿ. ಒಂದು ಅಡಿಕೆಗೆ ಹಿಡಿಯುವ ಕ್ಷಣಮಾತ್ರದ ಕೆಲಸದ ಮೇಲೆ ವಿದ್ಯಾರ್ಥಿಗಳು ಒಂದೂವರೆ ತಾಸು ಚರ್ಚಿಸಿದರು. ಕೈಯ ಚಲನೆ ಅಳೆಯುವ ಕೈಗವಸು ತೊಟ್ಟರೆ ಆಯಿಗೆ ಸಿಪ್ಪೆಯ ಬಿಗಿ ತಿಳಿಯುವುದೇ ಇಲ್ಲವಲ್ಲ ಎಂದು ಒಬ್ಬಳು ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ವಿಶ್ವ ಆಕ್ಯುಪೇಷನಲ್ ಥೆರಪಿ ಒಕ್ಕೂಟ ಪ್ರತಿ ವಿದ್ಯಾರ್ಥಿಗೂ ಕನಿಷ್ಠ 1,000 ತಾಸುಗಳ ಪ್ರತ್ಯಕ್ಷ ಅನುಭವ ಬೇಕೆನ್ನುತ್ತದೆ. ರೋಗಿಯ ಹತ್ತಿರ ಕೂತು ಕಲಿಯುವ ಆ ತಾಸುಗಳನ್ನು ಕಂಪ್ಯೂಟರಿನ ಕೃತಕ ರೋಗಿಗಳಿಂದ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ.

ಹೀಗಾಗಿ ಕೂಸು ಓದಲಿ. ಫಿಸಿಯೋಥೆರಪಿಯ ಪದವಿಯಾದ ಬಿಪಿಟಿಯ ಜೊತೆಗೆ ಆಕ್ಯುಪೇಷನಲ್ ಥೆರಪಿಯನ್ನೂ ವಿಚಾರಿಸಲಿ. ನಮ್ಮ ದೇಶದಲ್ಲಿ ಅದರ ಮೊದಲ ಶಾಲೆಯನ್ನು ಕಮಲಾ ನಿಂಬ್ಕರ್ ಅವರು 1950ರಲ್ಲೇ ಮುಂಬಯಿಯಲ್ಲಿ ತೆರೆದಿದ್ದರೂ ನಮ್ಮ ಕಡೆ ಅದರ ಹೆಸರು ಕೇಳಿದವರು ಕಡಿಮೆ. ಮಣಿಪಾಲದಲ್ಲಿ ಎರಡೂ ಇವೆ. ಕಾಲೇಜಿನಲ್ಲಿ ಯಾವ ಯಂತ್ರಗಳಿವೆ ಎಂದು ಕೇಳುವ ಮೊದಲು, ಎಷ್ಟು ರೋಗಿಗಳನ್ನು ಮುಟ್ಟಿ ಕಲಿಯಲು ಬಿಡುತ್ತಾರೆ ಎಂದು ಅಣ್ಣ ಕೇಳಲಿ.

ಅಷ್ಟರೊಳಗೆ ಅವಳಿಗೊಂದು ಕೆಲಸ. ಆಯಿಯ ಎಡಗೈ ಹೆಬ್ಬೆರಳ ಬುಡದಲ್ಲಿ ನೋವಿದೆ ಎಂದಿರಿ. ಅವಳು ಎರಡು ಸಂಜೆ ಪಕ್ಕದಲ್ಲಿ ಕೂತು, ಎಷ್ಟು ಅಡಿಕೆಯ ನಂತರ ನೋವು ಶುರುವಾಗುತ್ತದೆ, ಹಿಡಿಯುವಾಗಲೋ ತಿರುಗಿಸುವಾಗಲೋ, ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ ಎಂಬುದನ್ನು ನೋಡಿ ಬರೆದು ಕಳಿಸಲಿ. ಫೋಟೋ ಬೇಡ, ಬರೆದೇ ಕಳಿಸಲಿ. ಅಲ್ಲಿಯವರೆಗೆ ಆಯಿ ಅರ್ಧ ತಾಸಿಗೊಮ್ಮೆ ಕತ್ತಿ ಬಿಟ್ಟು ಏಳಬೇಕು.

ಇಂತಿ ನಿಮ್ಮ ಪ್ರೀತಿಯ ಮಗಳು