ಫೇಸ್‌ಬುಕ್‌ನಲ್ಲಿ ಅಪ್ಪುಗೆ, ವೇದಿಕೆಯಲ್ಲಿ ಮುನಿಸು

ಜಿಲ್ಲೆಯ ನಾಯಕರೊಬ್ಬರಿಗೆ ‘ಸಹೋದರ ಸಮಾನರು’ ಎಂದು ಬೆಳಿಗ್ಗೆ ಫೇಸ್‌ಬುಕ್‌ನಲ್ಲಿ ಹುಟ್ಟುಹಬ್ಬದ ಶುಭಾಶಯ ಕೋರಿದ ಮಿತ್ರಪಕ್ಷದ ಮುಖಂಡರು, ಅದೇ ಸಂಜೆ ಮಂಡ್ಯದ ಸಮಾರಂಭವೊಂದರಲ್ಲಿ ಅವರ ಪಕ್ಕದ ಕುರ್ಚಿ ಖಾಲಿಯಿದ್ದರೂ ವೇದಿಕೆಯ ಇನ್ನೊಂದು ತುದಿಗೆ ಹೋಗಿ ಕುಳಿತದ್ದನ್ನು ಕಂಡೆ. ನಮ್ಮ ಜಿಲ್ಲೆಗೆ ಇದೇನೂ ಹೊಸತಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ನಿಖಿಲ್ ಕುಮಾರಸ್ವಾಮಿ ಅವರು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಅಭ್ಯರ್ಥಿಯಾಗಿದ್ದರೂ, ಇಲ್ಲಿನ ಅನೇಕ ಕಾಂಗ್ರೆಸ್ ಕಾರ್ಯಕರ್ತರು ಪಕ್ಷೇತರರಾಗಿದ್ದ ಸುಮಲತಾ ಅಂಬರೀಷ್ ಅವರ ಪರವಾಗಿ ಬೀದಿಗಿಳಿದರು; ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಗ ಮುನಿಸಾದರೂ ಬಹಿರಂಗವಾಗಿತ್ತು, ಅಷ್ಟರಮಟ್ಟಿಗೆ ಪ್ರಾಮಾಣಿಕವಾಗಿತ್ತು. ಈಗ ಪೋಸ್ಟ್ ನೋಡಿ ಒಗ್ಗಟ್ಟಿದೆಯೆಂದು ನಂಬಿ, ಬಿಸಿಲಿನಲ್ಲಿ ಮನೆಮನೆಗೆ ಕರಪತ್ರ ಹಂಚುವ ಕಾರ್ಯಕರ್ತರು ಮೋಸಹೋಗುತ್ತಿದ್ದಾರೆ. ಜಿಲ್ಲೆಯ ಹೊಲಗಳಿಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನ ವಿಷಯ ಬಂದಾಗಲಾದರೂ ನಾಯಕರು ಪರಸ್ಪರರ ಪೋಸ್ಟ್ ಹಂಚಿಕೊಳ್ಳುವುದನ್ನು ಬಿಟ್ಟು, ರೈತರೆದುರು ಒಂದೇ ಸಭೆಯಲ್ಲಿ ಕೂರಲಿ.

– ಓರ್ವ ಓದುಗ, ಮಂಡ್ಯ