ಹೊಲಿಗೆಯ ದೂರಶಿಕ್ಷಣ: ಹೊಲಿದ ಬಟ್ಟೆಯನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

‘ಮನೆಯಲ್ಲೇ ಕುಳಿತು ಹೊಲಿಗೆ ಕಲಿಯಿರಿ, ಪ್ರಮಾಣಪತ್ರ ಪಡೆಯಿರಿ’ ಎನ್ನುವ ಜಾಹೀರಾತುಗಳು ಈಚೆಗೆ ಮೊಬೈಲಿನಲ್ಲೂ ಕರಪತ್ರಗಳಲ್ಲೂ ಹೆಚ್ಚಾಗಿವೆ. ದೂರದಿಂದ ಹೊಲಿಗೆ ಕಲಿಸುವುದೇ ತಪ್ಪು ಎನ್ನುವವಳು ನಾನಲ್ಲ. ಆದರೆ ಇಂಥ ಕೋರ್ಸು ಮುಗಿಸಿ, ಮೈಗೆ ಕೂರದ ರವಿಕೆಯನ್ನು ಹಿಡಿದುಕೊಂಡು ನನ್ನ ಹೊಲಿಗೆ ತರಗತಿಗೆ ಬರುವ ಹೆಣ್ಣುಮಕ್ಕಳನ್ನು ನೋಡಿದಾಗ, ಈ ಕೋರ್ಸುಗಳಲ್ಲಿ ಇರಲೇಬೇಕಾದದ್ದೊಂದು ಇಲ್ಲವೆಂದು ಹೇಳದೆ ಇರಲಾಗುತ್ತಿಲ್ಲ.

ದೂರಶಿಕ್ಷಣದ ಅಗತ್ಯ ನಿಜವಾದದ್ದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಸುಮಾರು ಒಂದು ತಿಂಗಳ ಹೊಲಿಗೆ ತರಬೇತಿ ಊಟ, ವಸತಿಯೊಂದಿಗೆ ಉಚಿತವಾಗಿ ಸಿಗುತ್ತದೆ; ಆದರೆ ಎದೆಹಾಲಿನ ಮಗುವಿರುವ, ಎರಡು ಹೊತ್ತು ಹಾಲು ಕರೆಯಬೇಕಾದ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಬೇಕಾದ ಹೆಂಗಸು ಒಂದು ತಿಂಗಳು ಮನೆ ಬಿಟ್ಟಿರಲಾರಳು. ಐಟಿಐನ ಹೊಲಿಗೆ ತಂತ್ರಜ್ಞಾನದ ಕೋರ್ಸಿಗೆ ಒಂದು ವರ್ಷವೇ ಬೇಕು. 2023ರಲ್ಲಿ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ದರ್ಜಿಗಳಿಗೆ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವು ನೀಡುತ್ತದೆಯಾದರೂ ಅದು ಈಗಾಗಲೇ ಕಸುಬಿನಲ್ಲಿರುವವರಿಗೆ, ಮೊದಲ ಬಾರಿ ಸೂಜಿಗೆ ದಾರ ಪೋಣಿಸುವವರಿಗಲ್ಲ. ಹೀಗಾಗಿ ಮನೆಯೊಳಗಿನಿಂದಲೇ ಕಲಿಯಬೇಕಾದವರಿಗೆ ಉಳಿಯುವುದು ಮೊಬೈಲಿನ ಪಾಠವೊಂದೇ.

ಆ ಪಾಠದಿಂದ ಕಲಿಯಬಹುದಾದದ್ದು ಕಡಿಮೆಯೇನಲ್ಲ. ಎದೆಯ ಸುತ್ತಳತೆ 36 ಇಂಚಾದರೆ ಅದರ ಕಾಲುಭಾಗ 9 ಇಂಚು, ಸಡಿಲಿಕೆಗೆ ಇಷ್ಟು, ಮಾರ್ಜಿನ್‌ಗೆ ಇಷ್ಟು ಎಂಬ ಲೆಕ್ಕ, ಪೇಪರ್ ಕಟಿಂಗ್, ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕೆಂಬ ಎಚ್ಚರ, ಇವೆಲ್ಲ ತೆರೆಯ ಮೇಲೆ ಚೆನ್ನಾಗಿಯೇ ಅರ್ಥವಾಗುತ್ತವೆ; ಮರೆತರೆ ಮತ್ತೆ ನೋಡಿಕೊಳ್ಳುವ ಅನುಕೂಲ ನನ್ನ ತರಗತಿಯಲ್ಲೂ ಇಲ್ಲ. ತೊಡಕು ಮಷೀನಿನ ಮುಂದೆ ಕೂತಾಗ ಶುರುವಾಗುತ್ತದೆ. ಹಳ್ಳಿಯ ಮನೆಗಳಲ್ಲಿ ಈಗಲೂ ಕಾಲಿನ ಮಷೀನುಗಳೇ ಹೆಚ್ಚು. ಪೆಡಲು ತುಳಿದಾಗ ಗಾಲಿ ತನ್ನ ಕಡೆಗೇ ತಿರುಗಬೇಕು, ಹಿಮ್ಮುಖವಾಗಿ ತಿರುಗಿದರೆ ದಾರ ತುಂಡಾಗುತ್ತದೆ. ಕ್ಯಾಮೆರಾ ತೋರಿಸುವುದಾದರೋ ಮೋಟಾರಿನ ಮಷೀನಿನ ಮೇಲಿರುವ ಶಿಕ್ಷಕಿಯ ಕೈಗಳನ್ನು, ಕಾಲುಗಳನ್ನಲ್ಲ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸೇರಿಕೊಂಡರೆ ಹೊಸಬರು ಬಾಬಿನ್ ಕೇಸಿನ (ಅಡಿಯ ದಾರದ ಉರುಳೆ ಕೂರುವ ಡಬ್ಬಿಯ) ತಿರುಪನ್ನು ಬಿಗಿ ಮಾಡುತ್ತಾ ಹೋಗುತ್ತಾರೆ; ಹೆಚ್ಚಿನ ಸಲ ದೋಷವಿರುವುದು ಮೇಲಿನ ದಾರ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರದಿರುವುದರಲ್ಲಿ. ಪಕ್ಕದಲ್ಲಿ ತಿಳಿದವರಿದ್ದರೆ ಅರೆನಿಮಿಷದಲ್ಲಿ ಮುಗಿಯುವ ಈ ಕೆಲಸಕ್ಕೆ ಮಷೀನೇ ಕೆಟ್ಟಿದೆಯೆಂದು ತಿಳಿದು ಮೂಲೆಗೆ ಸರಿಸಿದವರಿದ್ದಾರೆ.

ಅಳತೆಯದು ಇನ್ನೂ ಸೂಕ್ಷ್ಮವಾದ ಸಂಗತಿ. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳುವಾಕೆ ಟೇಪು ನೋಡಲು ತಲೆ ತಗ್ಗಿಸುತ್ತಾಳೆ, ತೋಳು ಎತ್ತುತ್ತಾಳೆ. ಬೆನ್ನಿನ ಉದ್ದ, ಎದೆಯ ಸುತ್ತು ಎರಡೂ ಬದಲಾಗುತ್ತವೆ. ಕಂಕುಳಿನ ತಿರುವು ಹಿಂಭಾಗಕ್ಕಿಂತ ಮುಂಭಾಗದಲ್ಲಿ ಆಳವಾಗಿರಬೇಕೆಂದು ಪಾಠದಲ್ಲಿ ಹೇಳಿರುತ್ತಾರೆ, ಆದರೆ ಎರಡು ತೋಳುಗಳನ್ನೂ ಒಂದೇ ಬದಿಗೆ ಕತ್ತರಿಸಿಟ್ಟವಳನ್ನು ತಡೆಯುವವರು ಯಾರೂ ಇರುವುದಿಲ್ಲ. ರವಿಕೆಯ ಭುಜ ಜಾರುವುದು ಕತ್ತಿನ ಅಗಲದಿಂದಲೋ ಭುಜದ ಇಳಿಜಾರಿನಿಂದಲೋ, ಕಂಕುಳಿನಿಂದ ಎದೆಯವರೆಗೆ ಓರೆಯಾಗಿ ಬಿದ್ದ ಸುಕ್ಕು ಡಾಟ್ (ಮೈಯ ಆಕಾರಕ್ಕೆ ಕೂರಲೆಂದು ಬಟ್ಟೆಯನ್ನು ಮಡಿಚಿ ಹಾಕುವ ಹೊಲಿಗೆ) ಸಾಲದ್ದರಿಂದಲೋ ತೋಳು ಕೂಡಿಸಿದ ರೀತಿಯಿಂದಲೋ ಎಂಬುದನ್ನು ಉಟ್ಟ ಮೈಯ ಮೇಲೆ ಕೈಯಿಟ್ಟು, ಪಿನ್ನು ಚುಚ್ಚಿಯೇ ನಿರ್ಧರಿಸಬೇಕು. ಫೋಟೊ ಕಳುಹಿಸಿದರೆ ತಕ್ಕಮಟ್ಟಿಗೆ ತಿಳಿಯಬಹುದು. ಹೊಲಿಗೆಯ ಒಳಬದಿ ಮಾತ್ರ ಫೋಟೊದಲ್ಲಿ ಸಿಗುವುದಿಲ್ಲ.

ಇದು ಇಂದು ನಿನ್ನೆ ಕಂಡ ಸಮಸ್ಯೆಯೂ ಅಲ್ಲ, ಪರಿಹಾರವೇ ಇಲ್ಲದ್ದೂ ಅಲ್ಲ. ಅಮೆರಿಕದ ಸ್ಕ್ರಾಂಟನ್ ಎಂಬ ಊರಿನಲ್ಲಿ 1916ರಲ್ಲಿ ಆರಂಭವಾದ ಮಹಿಳಾ ಸಂಸ್ಥೆಯೊಂದು ಹೊಲಿಗೆಯನ್ನು ಅಂಚೆಯ ಮೂಲಕವೇ ಕಲಿಸುತ್ತಿತ್ತು. ವಿದ್ಯಾರ್ಥಿನಿಯರು ಹೊಲಿದ ಮಾದರಿಗಳನ್ನು ಕಳುಹಿಸಿ ತಿದ್ದಿಸಿಕೊಳ್ಳುತ್ತಿದ್ದರು. ನಮ್ಮ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಕಟಿಂಗ್ ಮತ್ತು ಟೈಲರಿಂಗ್ ಕೋರ್ಸಿನಲ್ಲಿಯೂ ಪುಸ್ತಕವನ್ನು ಮನೆಯಲ್ಲಿ ಓದಿದರೂ ಪ್ರಾಯೋಗಿಕ ಪಾಠ ಮಾನ್ಯತೆ ಪಡೆದ ಕೇಂದ್ರದಲ್ಲಿ ನಡೆಯುವ ಏರ್ಪಾಡಿದೆ. ಆದರೆ ಮೊಬೈಲಿನಲ್ಲಿ ಮಾರಾಟವಾಗುವ ಹಲವು ಕೋರ್ಸುಗಳು ಪಾಠವನ್ನು ಎಷ್ಟು ನೋಡಿದರು ಎಂಬುದನ್ನಷ್ಟೇ ಲೆಕ್ಕ ಹಾಕಿ ಪ್ರಮಾಣಪತ್ರ ಕೊಟ್ಟುಬಿಡುತ್ತವೆ. ಅದನ್ನು ನಂಬಿ ಸಾಲ ಮಾಡಿ ಮಷೀನು ಕೊಳ್ಳುವವಳಿಗೆ ಗಿರಾಕಿ ಕೊಟ್ಟ ಮೊದಲ ಬಟ್ಟೆಯೇ ಪರೀಕ್ಷೆಯಾಗುತ್ತದೆ, ಮತ್ತು ಆ ಬಟ್ಟೆ ರೇಷ್ಮೆ ಸೀರೆಯೊಂದಿಗೆ ಬಂದ ರವಿಕೆ ಕಣವಾಗಿದ್ದರೆ ಹಾಳಾದದ್ದಕ್ಕೆ ಬದಲಿಯೂ ಸಿಗುವುದಿಲ್ಲ.

ಆದ್ದರಿಂದ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೆ. ಹೊಲಿಗೆ ಕಲಿಸುವ ಯಾವುದೇ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸು, ಕಲಿತವರು ಹೊಲಿದ ಕತ್ತಿನ ಪಟ್ಟಿ, ಡಾಟ್, ತೋಳು, ಕಾಜಾಗಳ ಮಾದರಿಗಳನ್ನು ತರಿಸಿಕೊಂಡು ತಿದ್ದಿ ಕಳುಹಿಸದೆ ಪ್ರಮಾಣಪತ್ರ ನೀಡಬಾರದು; ಯಾರು ತಿದ್ದುತ್ತಾರೆ ಎಂಬುದನ್ನು ಜಾಹೀರಾತಿನಲ್ಲಿಯೇ ತಿಳಿಸಬೇಕು. ಹೊಲಿಗೆ ವಿಭಾಗವಿರುವ ಸರ್ಕಾರಿ ಐಟಿಐಗಳ ಕೊಠಡಿಗಳನ್ನು ತಿಂಗಳಲ್ಲಿ ಎರಡು ಭಾನುವಾರ ಇಂಥ ಕಲಿಕೆಯವರಿಗಾಗಿ ತೆರೆದು, ಅಲ್ಲಿಯ ಬೋಧಕಿಯರಿಗೆ ಗೌರವಧನ ಕೊಟ್ಟು, ಹೊಲಿದ ಬಟ್ಟೆಯನ್ನು ಉಡಿಸಿ ನೋಡುವ ವ್ಯವಸ್ಥೆ ಮಾಡಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ, ಸರ್ಕಾರಿ ಬಸ್ಸು ಓಡಾಡುವ ಊರುಗಳವರಿಗೆ ಅಲ್ಲಿಗೆ ಬಂದುಹೋಗುವ ಖರ್ಚೂ ಇರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಹೊಲಿಗೆ ಶಿಕ್ಷಕಿ, ಶಿರಸಿ